ಎಂತ ಸಮುದ್ರ, ಊರು ಕಣಾ ಇದು

ಸಾಗರದಿಂದ ಸಿಗಂದೂರಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ಕೇಳಿದ ಮಾತು ಇನ್ನೂ ಕಿವಿ ಬಿಟ್ಟಿಲ್ಲ. ಬಸ್ಸು ಸೇತುವೆ ಹತ್ತಿದ್ದೇ ತಡ, ಎಲ್ಲರ ಮೊಬೈಲೂ ಕಿಟಕಿಯತ್ತ ತಿರುಗಿತು. ಮುಂದಿನ ಸೀಟಿನ ಹುಡುಗ ಕೇಳಿದ, "ಅಜ್ಜೀ, ಇದು ಸಮುದ್ರವಾ?" ಹಣ್ಣುಕಾಯಿ ಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದ ಅಜ್ಜಿ ಹೇಳಿದರು, "ಎಂತ ಸಮುದ್ರ? ಊರು ಕಣಾ ಇದು."

"ಮಗೂಗೆ ಎಂತೆಂತದೋ ಹೇಳಬೇಡಿ ಅತ್ತೆ" ಅಂದಳು ಸೊಸೆ. ಕೆಟ್ಟವಳಲ್ಲ ಆಕೆ, ದಾರಿಯುದ್ದಕ್ಕೂ ಅತ್ತೆಯನ್ನು ಮುತುವರ್ಜಿಯಿಂದಲೇ ನೋಡಿಕೊಂಡಿದ್ದಳು. ಆದರೂ ಆ ಮಾತು ನನಗೆ ಚುಚ್ಚಿತು. ಅಜ್ಜಿ ಸುಮ್ಮನಾದರು. ನೀರು ಇಳಿದು ಮೇಲೆದ್ದಿದ್ದ ಕಪ್ಪು ಮರದ ಬೊಡ್ಡೆಗಳ ಕಡೆಗೆ ಅವರ ಬೆರಳು ಮಾತ್ರ ಹಾಗೇ ಚಾಚಿತ್ತು.

ಊರು ಕಣಾ ಇದು. ನಕ್ಷೆಯಲ್ಲಿ ಅದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. 1964ರಲ್ಲಿ ಅಣೆಕಟ್ಟು ಮುಗಿದಾಗ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನ ಎಲ್ಲ ನೀರಿನಡಿ ಹೋದವು. ಜೋಗದ ವಿದ್ಯುತ್ತಿಗೆಂದೇ ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತೀರಾ ತಗ್ಗಿದ ಬೇಸಿಗೆಯಲ್ಲಿ ಅದು ಎದ್ದು ಕಾಣುತ್ತದೆ, ಜನ ಗುಂಪುಗುಂಪಾಗಿ ನೋಡಲು ಹೋಗುತ್ತಾರೆ. ಆಚೀಚೆ ಉಳಿದ ಮನೆಗಳ ಅಡಿಪಾಯವನ್ನು ಕೇಳುವವರು ಕಡಿಮೆ.

ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ಹರಿಯುವುದು ಸುಮಾರು 128 ಕಿಲೋಮೀಟರ್ ಅಷ್ಟೇ. ಅಷ್ಟರಲ್ಲೇ ಜೋಗದಲ್ಲಿ 253 ಮೀಟರ್ ಧುಮುಕುತ್ತದೆ, ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸಿನ ವ್ಯಾಪಾರದಿಂದ ಹೆಸರಾಗಿದ್ದ ಗೇರುಸೊಪ್ಪೆಯನ್ನು ಹಾಯುತ್ತದೆ. ಶರಾವತಿ ವಿದ್ಯುದಾಗಾರ ಒಂದರದ್ದೇ ಸಾಮರ್ಥ್ಯ 1035 ಮೆಗಾವಾಟ್. ಕರೆಂಟು ಬೇಡ ಅನ್ನುವವನು ನಾನಲ್ಲ. ಆದರೆ ನೆಲ ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನೀರಿನಾಚೆ ಉಳಿದ ತುಮರಿ ಕಡೆಯವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಲಾಂಚನ್ನೇ ನೆಚ್ಚಿಕೊಂಡಿದ್ದರು. ಕೊನೆಯ ಲಾಂಚ್ ತಪ್ಪಿದರೆ ಸುತ್ತುಬಳಸಿನ ದಾರಿಯೇ ಗತಿ.

ಈಗ ಇದೇ ಕಣಿವೆಯಲ್ಲಿ, 2019ರಲ್ಲಿ ಸಿಂಗಳೀಕಗಳ ಅಭಯಾರಣ್ಯವೆಂದು ಘೋಷಿಸಿದ ಕಾಡಿನೊಳಗೆ, 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು, ಅಂದರೆ ನೀರನ್ನು ಮೇಲಕ್ಕೆ ಪಂಪು ಮಾಡಿಟ್ಟು ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವ ಯೋಜನೆ. ಇಷ್ಟು ಕೊಟ್ಟ ಕಣಿವೆಯ ಮುಂದೆಯೇ ಮತ್ತೆ ಕೈಯೊಡ್ಡುವುದು ಯಾವ ನ್ಯಾಯ? ಹಿಂದಿನ ಬಾಕಿ ತೀರಿಸದೆ ಹೊಸ ಲೆಕ್ಕ ಬರೆಯಬಾರದು.

ನನ್ನದೊಂದು ಕೋರಿಕೆ ಇದೆ. ಈ 2.44 ಕಿಲೋಮೀಟರ್ ಸೇತುವೆಯ ಎರಡೂ ತುದಿಯಲ್ಲಿ, ಮುಳುಗಿದ ಒಂದೊಂದು ಊರಿನ ಹೆಸರನ್ನೂ ಬಸ್ಸಿನಲ್ಲಿ ಕೂತವರಿಗೆ ಕಾಣುವಷ್ಟು ದೊಡ್ಡದಾಗಿ ಬರೆಸಲಿ. ಆ ಹೆಸರುಗಳನ್ನು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅಲ್ಲಿನ ಯಾವ ಪಂಚಾಯಿತಿ ಮುಂದೆ ಬಂದರೂ ಸರಿ, ಹೆಸರು ಕಲೆಹಾಕಲು ನಾನು ಜೊತೆಗೆ ಬರುತ್ತೇನೆ, ನನ್ನ ಪಾಲಿನ ಹಣವನ್ನೂ ಕೊಡುತ್ತೇನೆ.