ಕುರೊಸಾವಾ ನೆರಳಿನಾಚೆಯ ಕತ್ತಿಗಳು

ಬೆಂಗಳೂರಿನ ಚಿತ್ರಸಮಾಜಗಳ ದೆಸೆಯಿಂದ ನನ್ನಂಥವರಿಗೆ ಜಪಾನಿನ ಚಿತ್ರ ನಿರ್ದೇಶಕ ಅಕಿರಾ ಕುರೊಸಾವಾ ಮನೆಯ ಹಿರಿಯರಷ್ಟೇ ಪರಿಚಿತರು. ಆದರೆ ಅವರ ನೆರಳಿನಾಚೆ ತಯಾರಾದ ಒರಟು, ವಿಚಿತ್ರ ಸಮುರಾಯ್ (ಹಳೆಯ ಜಪಾನಿನ ಕತ್ತಿವೀರರ) ಚಿತ್ರಗಳನ್ನು ನಾನು ನೋಡಿದ್ದು ತೀರಾ ತಡವಾಗಿ, ಜಯನಗರದ ಗೆಳೆಯನ ಮನೆಯಲ್ಲಿ, ಮಳೆ ಹಿಡಿದುಕೊಂಡಿದ್ದ ಒಂದು ಭಾನುವಾರ.

ಮೊದಲು ಹಾಕಿದ್ದು ಕಿಹಾಚಿ ಒಕಾಮೊಟೊ 1966ರಲ್ಲಿ ನಿರ್ದೇಶಿಸಿದ ಕಪ್ಪು-ಬಿಳುಪಿನ 'ದಿ ಸ್ವೋರ್ಡ್ ಆಫ್ ಡೂಮ್'. ಬೆಟ್ಟದ ದಾರಿಯಲ್ಲಿ ಪ್ರಾರ್ಥಿಸುತ್ತಿರುವ ಮುದಿ ಯಾತ್ರಿಕನನ್ನು ಯಾವ ದ್ವೇಷವೂ ಇಲ್ಲದೆ ಕಡಿದುಹಾಕುವ ರ್‍ಯೂನೊಸುಕೆಯಾಗಿ ತತ್ಸುಯಾ ನಕಾದಾಯಿ ನಟಿಸಿದ್ದಾರೆ. ಕೊನೆಯಲ್ಲಿ ಆತ ಬಿದಿರಿನ ಪರದೆಗಳ ಮೇಲೆ ಮೂಡುವ ನೆರಳುಗಳನ್ನು ತಾನು ಕೊಂದವರೆಂದೇ ಭ್ರಮಿಸಿ ಕಡಿಯುತ್ತಾ, ಎದುರಾದ ನಿಜವಾದ ಮನುಷ್ಯರನ್ನೂ ಕಡಿಯುತ್ತಾ ಹೋಗುತ್ತಿರುವಾಗಲೇ ಚಿತ್ರ ಅವನ ಮುಖದ ಮೇಲೆ ಸ್ತಬ್ಧವಾಗಿ ಮುಗಿದುಬಿಡುತ್ತದೆ. ಯೋಜಿಸಿದ್ದ ಮುಂದಿನ ಭಾಗಗಳು ಬರಲೇ ಇಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ.

'ಲೋನ್ ವುಲ್ಫ್ ಅಂಡ್ ಕಬ್' ಸರಣಿಯ ಆರು ಚಿತ್ರಗಳು 1972ರಿಂದ 1974ರೊಳಗೆ ಬಂದವು. ನಾಯಕನಾಗಿ ನಟಿಸಿದ ಟೊಮಿಸಾಬುರೊ ವಾಕಾಯಾಮಾ ಮಗನನ್ನು ಕೂರಿಸಿಕೊಂಡು ತಳ್ಳುವ ಮರದ ಗಾಡಿಯಲ್ಲಿ ಅಲಗುಗಳು ಅಡಗಿವೆ. ರಕ್ತವಂತೂ ಒಡೆದ ನಲ್ಲಿಯಿಂದ ಬಂದಂತೆ ಚಿಮ್ಮುತ್ತದೆ. ಮೊದಲೆರಡು ಚಿತ್ರಗಳನ್ನು ಕತ್ತರಿಸಿ ಜೋಡಿಸಿ, ಮಗುವೇ ಕಥೆ ಹೇಳುವಂತೆ ಇಂಗ್ಲಿಷ್ ದನಿ ಕೂಡಿಸಿ, 1980ರಲ್ಲಿ ಅಮೆರಿಕನ್ನರು 'ಶೋಗನ್ ಅಸಾಸಿನ್' ಮಾಡಿದರು. ಕಲಬೆರಕೆಯೆಂದು ಮೂಗು ಮುರಿಯಬೇಕೆಂದಿದ್ದೆ, ಆದರೆ ಆ ಎಳೆಯ ದನಿ ಕಟ್ಟಿಹಾಕಿತು. ಕಾಫಿ ತಂದ ಗೆಳೆಯನ ಅಮ್ಮ ಪರದೆಯತ್ತ ನೋಡಿ, "ಪಾಪ, ಮಗುಗೆ ಊಟ ಆಯ್ತಂತಾ?" ಎಂದಷ್ಟೇ ಕೇಳಿದರು.