ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್: ಗುರಿ ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ

ಹೊಸ ಏರ್ ರೈಫಲ್ ತಂದು, ಜೊತೆಗೆ ಬಂದ ಸ್ಕೋಪನ್ನೇ (ಗುರಿ ನೋಡುವ ದುರ್ಬೀನು) ಬಿಗಿದು 20 ಮೀಟರಿನಲ್ಲಿ ಹೊಡೆದರೆ ಮೊದಲ ಹತ್ತು ಪೆಲೆಟ್ (ಸೀಸದ ಚಿಕ್ಕ ಗುಂಡು) ಒಂದೆಡೆ ಚೆನ್ನಾಗಿ ಬೀಳುತ್ತವೆ. ಐವತ್ತನೆಯದರ ಹೊತ್ತಿಗೆ ಕಾಗದದ ಮೇಲೆ ಅಂಗೈ ಅಗಲಕ್ಕೆ ಚದುರಿರುತ್ತವೆ. ಆಗ ಎಲ್ಲರೂ ದೂರುವುದು ನಳಿಗೆಯನ್ನು. ತಪ್ಪು ಬಹುತೇಕ ನಳಿಗೆಯಲ್ಲಿ ಇರುವುದಿಲ್ಲ, ಅದರ ಮೇಲೆ ಕೂತಿರುವ ಮೌಂಟಿನಲ್ಲಿ, ಅಂದರೆ ಸ್ಕೋಪನ್ನು ಹಿಡಿದಿಡುವ ಪಟ್ಟಿನಲ್ಲಿ, ಇರುತ್ತದೆ. ಅದಕ್ಕೇ ಇಲ್ಲಿ ಬಂದೂಕಿನ ಆಯ್ಕೆಗಿಂತ ಸ್ಕೋಪ್ ಕೂರಿಸುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕಾನೂನು. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 0.177 ಇಂಚು, ಅಂದರೆ 4.5 ಮಿ.ಮೀ. ಮೀರದ, ಬಾಯಿಯ ಬಳಿ ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. 0.22 ಆದರೆ ಶಕ್ತಿ ಎಷ್ಟೇ ಕಡಿಮೆ ಇದ್ದರೂ ಬೇಕು. ಅಂಗಡಿಯವರು ಗುರುತಿನ ಮತ್ತು ವಿಳಾಸದ ದಾಖಲೆ ಕೇಳುತ್ತಾರೆ, ಕೊಡಿ. ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್, ಕ್ಯಾಲಿಬರ್ ಮೂರನ್ನೂ ಬರೆಸಿಕೊಂಡು ಅದರ ಒಂದು ಪ್ರತಿಯನ್ನು ಬಂದೂಕಿನ ಚೀಲದಲ್ಲೇ ಇಡಿ. ಹಕ್ಕಿ, ಅಳಿಲು, ಮೊಲದ ಮೇಲೆ ಪ್ರಯೋಗ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಲೈಸೆನ್ಸ್ ಬೇಡ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಶಕ್ತಿಯ ಲೆಕ್ಕ ಸುಲಭ: ಪೆಲೆಟ್ಟಿನ ತೂಕವನ್ನು ಕಿಲೋಗ್ರಾಂನಲ್ಲಿ ಬರೆದು, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿ. 0.547 ಗ್ರಾಂ (8.44 ಗ್ರೇನ್) ಪೆಲೆಟ್ ಸೆಕೆಂಡಿಗೆ 230 ಮೀಟರ್ ಓಡಿದರೆ ಸುಮಾರು 14.5 ಜೂಲ್. ಅದೇ ಪೆಲೆಟ್ 270 ಮೀಟರ್ ಓಡಿದರೆ 20ರ ಅಂಚಿಗೆ ಬರುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕುವ "ಸೆಕೆಂಡಿಗೆ 1000 ಅಡಿ" ಸಾಮಾನ್ಯವಾಗಿ ತೀರಾ ಹಗುರ ಪೆಲೆಟ್ಟಿನ ಲೆಕ್ಕ. ಗುರಿ ಅಭ್ಯಾಸಕ್ಕೆ ಆ ವೇಗ ಬೇಕಾಗಿಯೂ ಇಲ್ಲ. 220ರಿಂದ 245 ಮೀಟರ್ ವೇಗದ ರೈಫಲ್ ಕಡಿಮೆ ಒದೆಯುತ್ತದೆ, ಸ್ಪ್ರಿಂಗ್ ಎಳೆಯಲು ಹಗುರ, ಪೆಲೆಟ್ ಕೂಡ ಶಬ್ದದ ವೇಗದ ಹತ್ತಿರ ಹೋಗಿ ತೂರಾಡುವುದಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್ ಬಳಸುವಂತಿಲ್ಲ. ಅಲ್ಲಿ ಕಣ್ಣಿಗೆ ಸಣ್ಣ ರಂಧ್ರದ ಪೀಪ್ ಸೈಟ್, ಗುರಿಯ ನಡುವಿನ ಹತ್ತರ ಚುಕ್ಕೆ ಬರೇ 0.5 ಮಿ.ಮೀ. ಆ ದಾರಿ ಹಿಡಿಯುವವರು ಸ್ಕೋಪಿಗೆ ದುಡ್ಡು ಹಾಕದೆ ನೇರ ರೈಫಲ್ ಕ್ಲಬ್ಬಿಗೆ ಸೇರುವುದು ಒಳ್ಳೆಯದು. ಸ್ಕೋಪ್ ಬೇಕಾಗುವುದು 15ರಿಂದ 40 ಮೀಟರ್ ದೂರದ ಕಾಗದ, ಬೀಳುವ ತಗಡಿನ ಗುರಿ, ಬೆಂಚಿನ ಮೇಲಿನ ಅಭ್ಯಾಸ ಇಂಥವಕ್ಕೆ.

ಸ್ಪ್ರಿಂಗ್ ರೈಫಲ್ಲಿನ ಸ್ವಭಾವ ತಿಳಿಯದೆ ಸ್ಕೋಪ್ ಕೊಂಡರೆ ದುಡ್ಡು ದಂಡ. ಕುದುರೆ (ಟ್ರಿಗರ್) ಎಳೆದ ಕೂಡಲೇ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಮರುಕ್ಷಣ ಪಿಸ್ಟನ್ ತನ್ನೆದುರು ಒತ್ತಿಕೊಂಡ ಗಾಳಿಗೆ ಬಡಿದು ನಿಲ್ಲುತ್ತದೆ, ರೈಫಲ್ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ಶುರುವಾದಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಮದ್ದಿನ ಬಂದೂಕಿಗೆಂದು ಮಾಡಿದ ಸ್ಕೋಪ್ ಹಿಂದಿನ ಒದೆತ ಒಂದನ್ನೇ ತಡೆಯುವಂತೆ ಕಟ್ಟಿರುತ್ತದೆ. ಮುಂದಿನ ಜಗ್ಗಿಗೆ ಒಳಗಿನ ಲೆನ್ಸ್ ಸಡಿಲವಾಗುತ್ತದೆ, ರೆಟಿಕಲ್ (ಸ್ಕೋಪಿನೊಳಗೆ ಕಾಣುವ ಗುರಿಗೆರೆ) ವಾಲುತ್ತದೆ. ಕೊಳ್ಳುವಾಗ "ಸ್ಪ್ರಿಂಗ್ ಏರ್‌ಗನ್ನಿಗೆ ತಾಳುತ್ತದೆ" ಎಂದು ತಯಾರಕರೇ ಬರೆದದ್ದನ್ನು ಮಾತ್ರ ತೆಗೆದುಕೊಳ್ಳಿ. ಸ್ಪ್ರಿಂಗ್ ಬದಲು ಗ್ಯಾಸ್ ರ್‍ಯಾಮ್ (ಪಿಸ್ಟನ್ ತಳ್ಳಲು ಒತ್ತಿ ತುಂಬಿದ ಅನಿಲ) ಇದ್ದರೂ ಮಾತು ಇದೇ, ಅದರ ಹೊಡೆತ ಇನ್ನಷ್ಟು ಚುರುಕು. ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ಪಿಸಿಪಿ ರೈಫಲ್‌ನಲ್ಲಿ ಈ ತೊಂದರೆ ಇಲ್ಲ, ಆದರೆ ಸುಮಾರು 200 ಬಾರ್ ಗಾಳಿ ತುಂಬುವ ಪಂಪು ಅಥವಾ ಸಿಲಿಂಡರಿನ ಖರ್ಚು ಬೇರೆ.

ಎರಡನೆಯದು ಪ್ಯಾರಲ್ಯಾಕ್ಸ್. ಮದ್ದಿನ ಬಂದೂಕಿನ ಸ್ಕೋಪ್ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತದೆ. 15 ಮೀಟರಿನಲ್ಲಿ ನೋಡಿದರೆ ಗುರಿ ಮಬ್ಬು, ಕಣ್ಣು ಅತ್ತಿತ್ತ ಸರಿದರೆ ರೆಟಿಕಲ್ ಗುರಿಯ ಮೇಲೆ ತೇಲುತ್ತದೆ. 10 ಗಜದವರೆಗೆ ಇಳಿಯುವ ಹೊಂದಾಣಿಕೆ ಇರುವ 3-9x40 (3ರಿಂದ 9 ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 40 ಮಿ.ಮೀ. ಇರುವ) ಅಥವಾ 4-12x40 ಸ್ಕೋಪ್ ಸಾಕು. 16 ಪಟ್ಟು, 24 ಪಟ್ಟು ಹಿಗ್ಗಿಸುವುದು ಮೊದಲ ರೈಫಲ್‌ಗೆ ಬೇಡ. ಕೈನಡುಕ ದೊಡ್ಡದಾಗಿ ಕಾಣುತ್ತದೆ, ಸ್ಕೋಪ್ ಭಾರವಾಗುತ್ತದೆ, ಭಾರ ಹೆಚ್ಚಿದಷ್ಟೂ ಮೌಂಟ್ ಜಾರುತ್ತದೆ. ಆ ದುಡ್ಡನ್ನು ಮೌಂಟಿಗೂ ಎರಡು ಮೂರು ಬಗೆಯ ಪೆಲೆಟ್ಟಿಗೂ ಹಾಕಿ.

ಇನ್ನು ಮೌಂಟ್. ಹೆಚ್ಚಿನ ಏರ್ ರೈಫಲ್‌ಗಳ ಮೇಲೆ 11 ಮಿ.ಮೀ. ಡವ್‌ಟೇಲ್ ಗೀರು (ಮೌಂಟ್ ಕಚ್ಚಿಕೊಳ್ಳುವ ಓರೆ ಅಂಚಿನ ಗಾಡಿ) ಇರುತ್ತದೆ, ಕೆಲವದರಲ್ಲಿ ಹಲ್ಲುಹಲ್ಲಿನ 20 ಮಿ.ಮೀ. ರೈಲು. ಅಳೆಯದೆ ಕೊಂಡರೆ ಕೂರುವುದಿಲ್ಲ. ಸ್ಕೋಪ್ ಕೊಳವೆ 25.4 ಮಿ.ಮೀ.ಯೋ 30 ಮಿ.ಮೀ.ಯೋ ಅದನ್ನೂ ನೋಡಿ. ಎರಡು ಬಿಡಿ ರಿಂಗ್‌ಗಿಂತ ಒಂದೇ ತುಂಡಿನ, ನಾಲ್ಕು ಸ್ಕ್ರೂ ಹಿಡಿತದ, ಸ್ಟಾಪ್ ಪಿನ್ ಇರುವ ಮೌಂಟ್ ಲೇಸು. ಹೊಡೆತಕ್ಕೆ ಸ್ಕೋಪ್ ಹಿಂದಕ್ಕೆ ಜಾರುತ್ತದೆ, ಹಾಗಾಗಿ ಡವ್‌ಟೇಲಿನ ಹಿಂಬದಿಯಲ್ಲಿರುವ ಸಣ್ಣ ತೂತಿಗೆ ಈ ಪಿನ್ ಇಳಿದು ನಿಲ್ಲಬೇಕು. ಪಿನ್ ತೂತಿಗೆ ಇಳಿಯದೆ ಮೇಲ್ಮೈಗೆ ತಾಗಿ ಕೂತರೆ ಮೌಂಟ್ ಒಂದು ಬದಿಗೆ ಎದ್ದಿರುತ್ತದೆ. ಕಣ್ಣಿಗೆ ಕಾಣದ ಈ ಎಡವಟ್ಟು ತುಂಬ ಸಾಮಾನ್ಯ.

ಕೂರಿಸುವ ಮುಂಚೆ ಡವ್‌ಟೇಲ್, ಮೌಂಟಿನ ಹಲ್ಲು, ರಿಂಗಿನ ಒಳಮೈ ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ. ಕಾರ್ಖಾನೆಯ ಎಣ್ಣೆ ಉಳಿದರೆ ಎಷ್ಟು ಬಿಗಿದರೂ ಜಾರುತ್ತದೆ. ಟರೆಟ್ (ಗುರಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸುವ ತಿರುಪು) ಎರಡನ್ನೂ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ಲಿಕ್ ಎಣಿಸುತ್ತ ತಿರುಗಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿ. ತುದಿ ಬಂದಾಗ ಬಲವಂತ ಬೇಡ. ಮೌಂಟನ್ನು ರೈಲಿಗೆ ಬಿಗಿದು, ಸ್ಕೋಪನ್ನು ರಿಂಗಿನಲ್ಲಿ ಸಡಿಲವಾಗಿ ಇಡಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ತಂದು ಕೆನ್ನೆ ಇಟ್ಟು ಕಣ್ಣು ತೆರೆಯಿರಿ. ಪೂರ್ತಿ ದುಂಡಗಿನ ಚಿತ್ರ, ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕಣ್ಣಿಗೂ ಸ್ಕೋಪಿಗೂ 75ರಿಂದ 90 ಮಿ.ಮೀ. ಅಂತರ ಸಿಗುತ್ತದೆ. ಇದನ್ನು ಹೆಚ್ಚಿನ ಪಟ್ಟಿನಲ್ಲೇ ಮಾಡಿ, ಆಗ ನೆರಳು ಬೇಗ ಕಾಣುತ್ತದೆ.

ನೇರ ಕೂರಿಸಲು ಗಾರೆ ಕೆಲಸದವರ ತೂಗುಗುಂಡು ಸಾಕು. 10 ಮೀಟರಿನಾಚೆ ಗೋಡೆಗೆ ದಾರ ಇಳಿಬಿಟ್ಟು, ರೈಫಲ್ಲಿನ ಮೇಲ್ಮೈಗೆ ಚಿಕ್ಕ ಮಟ್ಟಗೋಲು ಇಟ್ಟು ಸಮ ಮಾಡಿ, ರೆಟಿಕಲ್ಲಿನ ನೆಟ್ಟಗೆರೆ ದಾರದ ಮೇಲೆ ಕೂರುವಂತೆ ಸ್ಕೋಪ್ ತಿರುಗಿಸಿ. ಇದು ವಾರೆಯಾದರೆ 20 ಮೀಟರಿನಲ್ಲಿ ಸರಿಯಿದ್ದದ್ದು 35ಕ್ಕೆ ಎಡಕ್ಕೋ ಬಲಕ್ಕೋ ಹೋಗುತ್ತದೆ, ಜನ ಗಾಳಿಯನ್ನು ದೂರುತ್ತಾರೆ. ರಿಂಗಿನ ಸ್ಕ್ರೂಗಳನ್ನು ಕಾರಿನ ಚಕ್ರದ ನಟ್ಟಿನಂತೆ ಕರ್ಣದಲ್ಲಿ, ಕಾಲು ಸುತ್ತಿನಂತೆ ಬಿಗಿಯಿರಿ, ಎರಡೂ ಬದಿಯ ಸಂದು ಸಮ ಇರಲಿ. ಸುಮಾರು 2 ನ್ಯೂಟನ್ ಮೀಟರ್ ಬಲ ಸಾಕು. ಟಾರ್ಕ್ ಕೀ ಇಲ್ಲದಿದ್ದರೆ ಅಲೆನ್ ಕೀಯ ಗಿಡ್ಡ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು. ಉದ್ದ ತೋಳು ಹಿಡಿದು ಬಲ ಹಾಕಿದರೆ ಕೊಳವೆ ಅಮುಕಿ ಹೋಗಿ ಟರೆಟ್ ಕೆಲಸವೇ ಕೆಡುತ್ತದೆ. ಕೊನೆಗೆ ರಿಂಗ್ ಮುಗಿಯುವಲ್ಲಿ ಕೊಳವೆಯ ಮೇಲೆ, ಮೌಂಟ್ ಮುಗಿಯುವಲ್ಲಿ ರೈಲಿನ ಮೇಲೆ ಬಿಳಿ ಪೆನ್ಸಿಲ್ಲಿನಲ್ಲಿ ಸಣ್ಣ ಗೆರೆ ಎಳೆಯಿರಿ. ಮುಂದೆ ಏನಾದರೂ ಜಾರಿದರೆ ಆ ಗೆರೆಯೇ ಹೇಳುತ್ತದೆ.

ಜೀರೋ ಮಾಡುವಾಗ, ಅಂದರೆ ರೆಟಿಕಲ್ ಇಟ್ಟಲ್ಲೇ ಹೊಡೆತ ಬೀಳುವಂತೆ ಹೊಂದಿಸುವಾಗ, 10 ಮೀಟರಿನಿಂದ ಶುರುಮಾಡಿ. ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ) ಕ್ಲಿಕ್ ಇರುವ ಸ್ಕೋಪಿನಲ್ಲಿ ಒಂದು ಕ್ಲಿಕ್ 10 ಮೀಟರಿಗೆ 0.73 ಮಿ.ಮೀ., 20ಕ್ಕೆ ಸುಮಾರು 1.5, 25ಕ್ಕೆ 1.8. ಐದು ಪೆಲೆಟ್ ಹೊಡೆದು, ಆ ಗುಂಪಿನ ನಡು ನೋಡಿ ತಿರುಗಿಸಿ. ಒಂದೊಂದು ಹೊಡೆತದ ಹಿಂದೆ ಟರೆಟ್ ಓಡಿಸಿದರೆ ದಿನ ಮುಗಿದರೂ ಜೀರೋ ಸಿಗುವುದಿಲ್ಲ. 10 ಮೀಟರಿನಲ್ಲಿ ಗುಂಪು ಕೇಂದ್ರಕ್ಕಿಂತ 1 ಸೆಂ.ಮೀ. ಕೆಳಗಿದ್ದರೆ ಅಲ್ಲೇ ಬಿಟ್ಟು 25 ಮೀಟರಿಗೆ ಹೋಗಿ. ಕಾರಣ ಇಷ್ಟೇ: ಸ್ಕೋಪ್ ನಳಿಗೆಗಿಂತ ಸುಮಾರು 45 ಮಿ.ಮೀ. ಮೇಲಿದೆ. ಮೊದಲು ಹೇಳಿದ 0.547 ಗ್ರಾಂ ಪೆಲೆಟ್ 230 ಮೀಟರ್ ವೇಗದಲ್ಲಿ ಹೊರಟು 25ಕ್ಕೆ ಜೀರೋ ಆಗಿದ್ದರೆ, 10ರಲ್ಲಿ 1 ಸೆಂ.ಮೀ. ಕೆಳಗೆ, 16ರ ಸುಮಾರಿಗೆ ಗುರಿರೇಖೆಯ ಮೇಲೆ, 20ರಲ್ಲಿ 2-3 ಮಿ.ಮೀ. ಮೇಲೆ, 35ರಲ್ಲಿ 2.5 ಸೆಂ.ಮೀ.ಗಿಂತ ತುಸು ಹೆಚ್ಚು ಕೆಳಗೆ ಬೀಳುತ್ತದೆ. ನಿಮ್ಮ ರೈಫಲ್ಲಿನ ಲೆಕ್ಕವನ್ನು 5 ಮೀಟರಿಗೊಮ್ಮೆ ಹೊಡೆದು ಬರೆದಿಟ್ಟುಕೊಳ್ಳಿ.

ಈ ಹಂತದಲ್ಲಿ ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯುವ ರೈಫಲ್‌ಗಳು ಒಂದು ಆಟ ಆಡುತ್ತವೆ. ಟರೆಟ್ ನಡುವಿದ್ದರೂ ಪೆಲೆಟ್ 10 ಮೀಟರಿನಲ್ಲೇ ಹತ್ತು ಹನ್ನೆರಡು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ನಳಿಗೆ ರೈಲಿಗಿಂತ ತುಸು ಕೆಳಗೆ ನೋಡುತ್ತಿದೆ ಎಂದರ್ಥ. ಟರೆಟ್ಟನ್ನೇ ತುದಿಯವರೆಗೆ ಎತ್ತಿ ಸರಿಪಡಿಸಿದರೆ ಒಳಗಿನ ಚಿಕ್ಕ ಸ್ಪ್ರಿಂಗ್ ಪೂರ್ತಿ ಸಡಿಲವಾಗಿ, ಪ್ರತಿ ಹೊಡೆತಕ್ಕೂ ಜೀರೋ ಅಲೆಯುತ್ತದೆ. ಕೆಟ್ಟ ಸ್ಕೋಪ್ ಎಂದು ಮಾರಿಬಿಡುವ ಎಷ್ಟೋ ಸ್ಕೋಪ್‌ಗಳ ಕಥೆ ಇಷ್ಟೇ. ತಂಪು ಪಾನೀಯದ ಕ್ಯಾನಿನ ತಗಡು ಸುಮಾರು 0.1 ಮಿ.ಮೀ. ದಪ್ಪ. ರಿಂಗ್‌ಗಳ ನಡುವೆ 100 ಮಿ.ಮೀ. ಇದ್ದರೆ ಹಿಂದಿನ ರಿಂಗಿನಡಿ ಒಂದು ಪದರ ಇಟ್ಟಾಗ ಹೊಡೆತ 10 ಮೀಟರಿನಲ್ಲಿ 10 ಮಿ.ಮೀ. ಮೇಲೇರುತ್ತದೆ. ಎರಡು ಪದರಕ್ಕಿಂತ ಹೆಚ್ಚು ಬೇಡ, ಕೊಳವೆ ಬಾಗುತ್ತದೆ. ಅದಕ್ಕೂ ಮೀರಿ ಬೇಕಾದರೆ ಹಿಂಬದಿ ಎತ್ತರಿಸಿದ ಡ್ರೂಪ್ ಮೌಂಟೇ ಬೇಕು.

ಪೆಲೆಟ್ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಕಾಗದದ ಮಾತು ಕೇಳಿ. ಕಾಗದಕ್ಕೆ ದುಂಡು ತೂತು ಕೊರೆಯುವ ಚಪ್ಪಟೆ ತಲೆಯವು 10-15 ಮೀಟರಿಗೆ ಚೆನ್ನ, ಅದರಾಚೆ ದುಂಡು ತಲೆಯವೇ ಬೇಕು. 0.51ರಿಂದ 0.56 ಗ್ರಾಂ ನಡುವಿನ ಮೂರ್ನಾಲ್ಕು ಬಗೆ ತಂದು, ಬಗೆ ಬದಲಿಸಿದಾಗ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿಯದೆ, ಆಮೇಲೆ ಐದೈದರ ಮೂರು ಗುಂಪು ಹೊಡೆದು ನೋಡಿ. 20 ಮೀಟರಿನಲ್ಲಿ ಐದು ಪೆಲೆಟ್ 25 ಮಿ.ಮೀ. ಒಳಗೆ ಬಿದ್ದರೆ ಆ ರೈಫಲ್ ಚೆನ್ನಾಗಿದೆ. ಮೊದಲ 200-300 ಹೊಡೆತದಲ್ಲಿ ಹೊಗೆ, ಸುಟ್ಟ ವಾಸನೆ, ದೊಡ್ಡ ಸದ್ದು ಬಂದರೆ ಒಳಗೆ ಉಳಿದ ಎಣ್ಣೆ ಉರಿಯುತ್ತಿದೆ. ತಾನಾಗಿ ನಿಲ್ಲುತ್ತದೆ. ಅದು ನಿಲ್ಲುವ ಮುಂಚೆ ಗುಂಪು ಅಳೆಯುವುದು ವ್ಯರ್ಥ. ಗಾಳಿ ನುಗ್ಗುವ ರಂಧ್ರಕ್ಕೆ ಎಣ್ಣೆ ಹನಿಸುವ ಚಾಳಿ ಬೇಡವೇ ಬೇಡ.

ಹಿಡಿಯುವ ರೀತಿಯೂ ಪೆಲೆಟ್ಟಿನಷ್ಟೇ ಗುಂಪನ್ನು ಕೆಡಿಸುತ್ತದೆ. ಸ್ಪ್ರಿಂಗ್ ರೈಫಲನ್ನು ಬಿಗಿಯಾಗಿ ಅಮುಕಿ ಹಿಡಿಯಬಾರದು, ಗಟ್ಟಿ ಕಟ್ಟೆಯ ಮೇಲೆ ನೇರ ಇಟ್ಟೂ ಹೊಡೆಯಬಾರದು. ಎಡ ಅಂಗೈ ತೆರೆದು, ರೈಫಲ್ಲಿನ ತೂಕ ಸಮವಾಗುವ ಜಾಗದಲ್ಲಿ ಅದನ್ನು ಮಲಗಿಸಿ, ಆ ಕೈಯನ್ನು ಮೆತ್ತನೆ ಚೀಲದ ಮೇಲಿಡಿ. ರೈಫಲ್ ಪ್ರತಿ ಸಲ ಒಂದೇ ರೀತಿ ಹಿಂದೆ ಮುಂದೆ ಜಗ್ಗಲು ಬಿಡಬೇಕು. ಕೈ ನಾಲ್ಕು ಬೆರಳು ಮುಂದೆ ಹೋದರೆ ಹೊಡೆತ ಮೇಲೆ ಕೆಳಗಾಗುವುದನ್ನು ಕಾಗದದಲ್ಲೇ ಕಾಣಬಹುದು. ಪೆಲೆಟ್ ತುಂಬುವಾಗ ನಳಿಗೆಯನ್ನು ಒಂದು ಕೈ ಬಿಡದೆ ಹಿಡಿದಿರಬೇಕು. ಅಕಸ್ಮಾತ್ ಕುದುರೆ ಬಿಟ್ಟುಕೊಂಡರೆ ನಳಿಗೆ ಚಾಟಿಯಂತೆ ಮೇಲೆ ಬಂದು ಬೆರಳು ಜಜ್ಜುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದರೆ ಪಿಸ್ಟನ್ನಿಗೆ ಗಾಳಿಯ ಮೆತ್ತೆ ಸಿಗದೆ ಲೋಹಕ್ಕೆ ಲೋಹ ಬಡಿಯುತ್ತದೆ.

ಚೆನ್ನಾಗಿದ್ದ ಗುಂಪು ಇದ್ದಕ್ಕಿದ್ದಂತೆ ಚದುರಿದರೆ ಟರೆಟ್ ಮುಟ್ಟಬೇಡಿ. ಮೊದಲು ಮರದ ಹಿಡಿಯ ಸ್ಕ್ರೂ ನೋಡಿ, ನೂರಿನ್ನೂರು ಹೊಡೆತಕ್ಕೆ ಅವು ಸಡಿಲವಾಗಿಯೇ ಆಗುತ್ತವೆ. ಆಮೇಲೆ ಬಿಳಿ ಗೆರೆ. ಆಮೇಲೆ ನಳಿಗೆಯ ಬುಡದ ರಬ್ಬರ್ ಸೀಲು: ಸಂದಿನ ಮೇಲೆ ಟಿಷ್ಯೂ ಕಾಗದದ ತುಣುಕು ಇಟ್ಟು ಹೊಡೆಯಿರಿ, ಹಾರಿದರೆ ಗಾಳಿ ಸೋರುತ್ತಿದೆ. ಇವೆಲ್ಲ ಸರಿಯಿದ್ದರೆ ಹೊಸ ಡಬ್ಬಿಯ ಪೆಲೆಟ್ ಹಳೆಯದರಂತೆಯೇ ಇದೆಯೇ ಎಂದು ನೋಡಿ. ಸ್ಕೋಪನ್ನು ಅನುಮಾನಿಸುವ ಸರದಿ ಕೊನೆಯದು. ಗ್ಯಾಸ್ ರ್‍ಯಾಮ್ ಇರುವವರು ಹವೆಯನ್ನೂ ಗಮನಿಸಬೇಕು. ಮಡಿಕೇರಿಯ 15 ಡಿಗ್ರಿ ಬೆಳಗಿನಲ್ಲಿ ಜೀರೋ ಮಾಡಿದ್ದನ್ನು ಕಲಬುರಗಿಯ 40 ಡಿಗ್ರಿಯಲ್ಲಿ ಹೊಡೆದರೆ ಒಳಗಿನ ಒತ್ತಡ ಸುಮಾರು ಶೇ 9ರಷ್ಟು ಏರಿರುತ್ತದೆ, ಹೊಡೆತದ ಜಾಗ ಸರಿಯುತ್ತದೆ.

ಗುರಿಯ ಹಿಂದಿನ ತಡೆ ಬಿಟ್ಟು ಇದ್ಯಾವುದೂ ಶುರುವಾಗಬಾರದು. ಈ ಪೆಲೆಟ್ ಮೇಲ್ಮುಖವಾಗಿ ಹೋದರೆ 300 ಮೀಟರಿಗೂ ಮೀರಿ ಹೋಗುತ್ತದೆ. ಬರೀ ಹಲಗೆ ಇಟ್ಟರೆ ಪುಟಿದು ಹೊಡೆದವರತ್ತಲೇ ಬರುತ್ತದೆ. ಮುಂದೆ ರಟ್ಟು, ಒಳಗೆ ಒತ್ತಿ ತುಂಬಿದ ಹಳೆ ಬಟ್ಟೆ ಅಥವಾ ರಬ್ಬರ್ ತುಣುಕು, ಹಿಂದೆ 4 ಮಿ.ಮೀ. ಕಬ್ಬಿಣದ ತಗಡು ಇರುವ ಮರದ ಪೆಟ್ಟಿಗೆ ಒಳ್ಳೆಯದು. ಅದರ ಹಿಂದೆ ಗೋಡೆ ಇರಲಿ, ದಾರಿ ಬೇಡ. ಕಣ್ಣಿಗೆ ಕನ್ನಡಕ ಹೊಡೆಯುವವರಿಗೂ ಬೇಕು, ಪಕ್ಕ ನಿಂತವರಿಗೂ ಬೇಕು. ಪೆಲೆಟ್ ಸೀಸದ್ದು, ಬಾಯಲ್ಲಿ ಕಚ್ಚಿ ಹಿಡಿಯಬಾರದು, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದು ಆಮೇಲೆ ಊಟ.

ಮಲೆನಾಡು, ಕರಾವಳಿಯಲ್ಲಿರುವವರು ಮಳೆಗಾಲದಲ್ಲಿ ರೈಫಲನ್ನು ಸ್ಪಂಜಿನ ಚೀಲದಲ್ಲಿ ಮುಚ್ಚಿಡಬೇಡಿ. ಸ್ಪಂಜು ತೇವ ಹೀರಿ ನಳಿಗೆಗೆ ತುಕ್ಕು ಹತ್ತಿಸುತ್ತದೆ. ಬೆವರು ತಾಗಿದ ಲೋಹವನ್ನು ಅದೇ ದಿನ ತೆಳು ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಸ್ಪ್ರಿಂಗ್ ಬಿಟ್ಟ ಸ್ಥಿತಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀರುವಿನಲ್ಲಿ ಬೀಗ ಹಾಕಿಡಿ. ಪೆಲೆಟ್ ಡಬ್ಬಿಗೆ ಬೇರೆ ಜಾಗ, ಮಕ್ಕಳ ಕೈಗೆ ಎಟುಕದಲ್ಲಿ.