ಆ 20 ಸೆಕೆಂಡ್ ಎಲ್ಲಿ ಹೋಯಿತು?

ರೋಯಿಂಗ್ ಮಷೀನ್ ಮೇಲೆ 2000 ಮೀಟರ್‌ಗೆ 7 ನಿಮಿಷ 40 ಸೆಕೆಂಡ್. ಅಂದರೆ 500 ಮೀಟರ್‌ಗೆ 1:55. ಅದನ್ನು ನೋಡಿ ಒಂದು ವಾರ ಬೀಗಿದ್ದೇ ಬೀಗಿದ್ದು.

ಇವತ್ತು ಬೆಳಿಗ್ಗೆ ಸಿಂಗಲ್ ಸ್ಕಲ್‌ನಲ್ಲಿ (ಒಬ್ಬರೇ ಕೂತು ಎರಡು ಹುಟ್ಟು ಹಾಕುವ ದೋಣಿ) ಅಷ್ಟೇ ದೂರ ಹೋದೆ. ನೆಪ ಹೇಳೋಣವೆಂದರೆ ಗಾಳಿಯೂ ಇರಲಿಲ್ಲ. ಸರಿಯಾಗಿ 9 ನಿಮಿಷ. 500ಕ್ಕೆ 2:15!

ಸ್ವಲ್ಪ ವ್ಯತ್ಯಾಸ ಸಹಜವೇ. ಮಷೀನಿಗೆ ಬ್ಯಾಲೆನ್ಸ್ ಬೇಕಿಲ್ಲ, ನನ್ನ ತೂಕ ಹೊತ್ತು ನೀರು ಸೀಳುವ ಕಷ್ಟವೂ ಇಲ್ಲ. ಉಳಿದದ್ದು ಮಾತ್ರ ನನ್ನದೇ ತಪ್ಪು. ಜಾರುವ ಸೀಟಿನ ಮೇಲೆ ಮುಂದಿನ ಎಳೆತಕ್ಕೆ ಬರುವಾಗ ಆತುರ. ಹುಟ್ಟು ನೀರಿಗೆ ಇಳಿಯುವ ಮೊದಲೇ ಕಾಲು ಒದೆಯುತ್ತಿದ್ದೆ. ಆಗ ದೋಣಿಯನ್ನು ಯಾರೋ ಹಿಂದಕ್ಕೆ ಎಳೆದ ಹಾಗಾಗುತ್ತದೆ, ಸೊಂಟಕ್ಕೇ ಗೊತ್ತಾಗುತ್ತದೆ. ಮಷೀನಿನಲ್ಲಿ ಇಂಥದ್ದೆಲ್ಲ ಮುಚ್ಚಿಹೋಗುತ್ತದೆ.

ಇನ್ನೂ ಜೋರಾಗಿ ಎಳೆದರೆ ಆಯಿತಲ್ವಾ ಅಂದುಕೊಂಡಿದ್ದೆ. ವೇಗ ಶೇ. 10ರಷ್ಟು ಹೆಚ್ಚಬೇಕಾದರೆ ಶಕ್ತಿ ಸುಮಾರು ಶೇ. 33ರಷ್ಟು ಜಾಸ್ತಿ ಬೇಕಂತೆ. ನೀರಿನ ತಡೆ ಅಂಥದ್ದು. ನನ್ನ ಕೈಲಾಗುವುದಲ್ಲ ಬಿಡಿ.

ಅದಕ್ಕೇ ವಾಪಸ್ ಬರುವಾಗ ನಿಮಿಷಕ್ಕೆ 18 ಸ್ಟ್ರೋಕ್‌ಗೆ ಇಳಿಸಿದೆ. ಹುಟ್ಟಿನ ಅಲಗನ್ನು ಮಲಗಿಸದೆ, ನೆಟ್ಟಗೇ ಹಿಡಿದು ಸುಮ್ನೆ ಎಳೆದೆ. ಕೈಗಳು ಒಂದರ ಮೇಲೊಂದು ದಾಟುವಾಗ ಎಡಗೈ ಉಗುರು ತಾಗಿ ಬಲಗೈ ಗೆಣ್ಣು ಮತ್ತೆ ಕಿತ್ತುಹೋಯಿತು. (ಉಗುರು ಕತ್ತರಿಸಬೇಕು, ದಿನಾ ಮರೆಯುತ್ತೇನೆ.) ಆದರೆ ನಡುವೆ ಒಂದು ಹತ್ತು ಸ್ಟ್ರೋಕ್, ದೋಣಿಯ ಅಡಿಯಲ್ಲಿ ಗುಳುಗುಳು ಅಂತ ನೀರು ಓಡುವ ಸದ್ದು ನಿಲ್ಲದೆ ಕೇಳಿಸಿತು. ಆಗ ಗಡಿಯಾರ ನೋಡುವುದೇ ಮರೆತುಹೋಯಿತು.